ಎಂ.ಎಸ್. ಮತ್ತು ಮೊದಲ ಹದಿನೈದು ವರ್ಷಗಳು: ತಾಯಂದಿರ ಪ್ರಶ್ನೆಗೆ ಉತ್ತರ

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್., ಬಹುಪಾಲು ಇಪ್ಪತ್ತರಿಂದ ನಲವತ್ತರೊಳಗಿನವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಕಾಯಿಲೆಯಾದ್ದರಿಂದ, ರೋಗಿಯ ಜೊತೆಗೆ ತಾಯಿಯೂ ಬಂದು ಕೂತಿರುವುದೇ ಹೆಚ್ಚು. ಕಾಯಿಲೆಯ ಹೆಸರು ತಿಳಿದ ಮೇಲೆ ಆ ತಾಯಂದಿರು ಒಂದಲ್ಲ ಒಂದು ಭೇಟಿಯಲ್ಲಿ ದನಿ ತಗ್ಗಿಸಿ ಕೇಳುವ ಮಾತು ಇದು: ‘ಇವಳು ಹೊಟ್ಟೆಯಲ್ಲಿದ್ದಾಗ ನನ್ನಿಂದ ಏನಾದರೂ ತಪ್ಪಾಯಿತೇ ಡಾಕ್ಟ್ರೇ?’ ಇಲ್ಲ ಎಂಬುದೇ ನನ್ನ ಉತ್ತರ. ಆದರೆ ಈ ಕಾಯಿಲೆಯ ಅಪಾಯದ ಒಂದು ಪಾಲು ಗರ್ಭದಿಂದ ಹದಿಹರೆಯದವರೆಗಿನ ಅವಧಿಯಲ್ಲಿ ರೂಪುಗೊಳ್ಳುತ್ತದೆ ಎನ್ನುವುದಕ್ಕೆ ಗಟ್ಟಿಯಾದ ಆಧಾರಗಳಿವೆ. ಇವೆರಡೂ ಮಾತು ಏಕಕಾಲಕ್ಕೆ ಹೇಗೆ ನಿಜ ಎಂಬುದನ್ನು ಬಿಡಿಸಿ ಹೇಳುವ ಅಗತ್ಯವಿದೆ.

ಎಂ.ಎಸ್.ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿನ ಮಯಲಿನ್ ಪೊರೆಯನ್ನು ಘಾಸಿಗೊಳಿಸುತ್ತದೆ. ಇದಕ್ಕೆ ವಂಶವಾಹಿಗಳ ಪಾತ್ರವಿದೆ, ಆದರೆ ಅವೇ ಎಲ್ಲವೂ ಅಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಬಂದರೆ ಇನ್ನೊಬ್ಬರಿಗೂ ಬರುವುದು ಸುಮಾರು ನಾಲ್ಕರಲ್ಲಿ ಒಂದು ಜೋಡಿಯಲ್ಲಿ ಮಾತ್ರ. ಉಳಿದ ಪಾಲನ್ನು ಪರಿಸರದಲ್ಲಿ ಹುಡುಕಬೇಕು.

ಆ ಪರಿಸರ ಯಾವ ವಯಸ್ಸಿನದು ಎಂಬುದರ ಸುಳಿವನ್ನು ವಲಸೆ ಹೋದ ಕುಟುಂಬಗಳು ಕೊಟ್ಟಿವೆ. ಭಾರತ ಉಪಖಂಡದಿಂದ ಬೆಳೆದ ಮೇಲೆ ಬ್ರಿಟನ್ನಿಗೆ ಹೋಗಿ ನೆಲೆಸಿದವರಲ್ಲಿ ಎಂ.ಎಸ್. ವಿರಳವಾಗಿಯೇ ಉಳಿಯಿತು, ಅಲ್ಲೇ ಹುಟ್ಟಿದ ಅವರ ಮಕ್ಕಳಲ್ಲಿ ಮಾತ್ರ ಅದರ ಪ್ರಮಾಣ ಉಳಿದ ಬ್ರಿಟಿಷರ ಪ್ರಮಾಣಕ್ಕೆ ಸರಿಸುಮಾರು ಸಮವಾಗಿದ್ದುದನ್ನು 1990ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಮ್ಮ ಮಂಗಳೂರಿನಲ್ಲಿ ನಡೆದ ಸಮೀಕ್ಷೆಯಲ್ಲಿ ಎಂ.ಎಸ್. ಕಂಡದ್ದು ಲಕ್ಷಕ್ಕೆ ಸುಮಾರು ಎಂಟು ಮಂದಿಯಲ್ಲಿ; ಉತ್ತರ ಯುರೋಪಿನ ಅನೇಕ ದೇಶಗಳಲ್ಲಿ ಈ ಸಂಖ್ಯೆ ನೂರನ್ನು ದಾಟುತ್ತದೆ. ವಲಸೆ ಹೋದ ತಂದೆತಾಯಿಯ ವಂಶವಾಹಿಗಳು ಅಲ್ಲಿ ಹುಟ್ಟಿದ ಮಕ್ಕಳಿಗೂ ಬಂದಿವೆ, ಬದಲಾದದ್ದು ಹುಟ್ಟಿ ಬೆಳೆದ ನೆಲ. ವಿದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡ ಕುಟುಂಬಗಳು ‘ಇದು ಬಿಳಿಯರ ಕಾಯಿಲೆ’ ಎಂಬ ಭಾವನೆಯನ್ನು ಬಿಡಬೇಕೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಗರ್ಭಾವಸ್ಥೆಯತ್ತ ಗಮನ ಸೆಳೆದದ್ದು ಹುಟ್ಟಿದ ತಿಂಗಳು. ಕೆನಡಾ, ಬ್ರಿಟನ್, ಡೆನ್ಮಾರ್ಕ್ ಮತ್ತು ಸ್ವೀಡನ್‌ನ 42,000ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಮೇ ತಿಂಗಳಲ್ಲಿ ಹುಟ್ಟಿದವರು ನಿರೀಕ್ಷೆಗಿಂತ ಸುಮಾರು ಶೇ. 9ರಷ್ಟು ಹೆಚ್ಚಾಗಿಯೂ ನವೆಂಬರ್‌ನಲ್ಲಿ ಹುಟ್ಟಿದವರು ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಗಿಯೂ ಕಂಡುಬಂದರು. ಋತುಗಳು ತಿರುಗುಮುರುಗಾಗಿರುವ ಆಸ್ಟ್ರೇಲಿಯಾದಲ್ಲಿ ಈ ತಿಂಗಳುಗಳು ಅದಲುಬದಲಾದವು. ಮೇ ತಿಂಗಳ ಮಗುವನ್ನು ಹೊತ್ತ ಉತ್ತರ ಗೋಳಾರ್ಧದ ತಾಯಿ ಬಸಿರಿನ ಬಹುಭಾಗವನ್ನು ಬಿಸಿಲೇ ಇಲ್ಲದ ಚಳಿಗಾಲದಲ್ಲಿ ಕಳೆದಿರುತ್ತಾಳಾದ್ದರಿಂದ ಅನುಮಾನ ವಿಟಮಿನ್ ಡಿ ಕೊರತೆಯತ್ತ ಹೊರಳಿತು. ಆದರೆ ಒಟ್ಟು ಜನನಗಳೇ ಋತುವಿನಿಂದ ಋತುವಿಗೆ, ಊರಿನಿಂದ ಊರಿಗೆ ಏರಿಳಿಯುತ್ತವೆ, ಅದನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿದಿಲ್ಲ ಎಂಬ ಆಕ್ಷೇಪವೂ ಬಂದಿದೆ. ನನ್ನ ಮಟ್ಟಿಗೆ ಆ ಆಕ್ಷೇಪದಲ್ಲಿ ಹುರುಳಿದೆ.

ಇದಕ್ಕಿಂತ ನೇರವಾದ ಸಾಕ್ಷ್ಯ ಕೂಡಿಟ್ಟ ರಕ್ತದಿಂದ ಬಂದಿದೆ. ಡೆನ್ಮಾರ್ಕ್‌ನಲ್ಲಿ ಹುಟ್ಟಿದ ಮಗುವಿನ ಹಿಮ್ಮಡಿಗೆ ಚುಚ್ಚಿ, ಜನ್ಮಜಾತ ಕಾಯಿಲೆಗಳ ತಪಾಸಣೆಗೆಂದು ಸೋಸುಕಾಗದದ ಮೇಲೆ ಕೆಲವು ಹನಿ ರಕ್ತ ತೆಗೆದುಕೊಳ್ಳುತ್ತಾರೆ. ಒಣಗಿದ ಆ ಕಲೆಗಳಿರುವ ಕಾಗದಗಳನ್ನು 1980ರ ದಶಕದ ಆರಂಭದಿಂದ ಶೈತ್ಯಾಗಾರದಲ್ಲಿ ಕಾಪಿಟ್ಟಿದ್ದಾರೆ. ಮುಂದೆ ಎಂ.ಎಸ್. ಬಂದ 521 ಮಂದಿಯ ಕಾಗದಗಳನ್ನು ಹುಡುಕಿ ತೆಗೆದು, ಅದೇ ದಿನಗಳಲ್ಲಿ ಹುಟ್ಟಿದ ಆರೋಗ್ಯವಂತರ ಕಾಗದಗಳೊಂದಿಗೆ ಹೋಲಿಸಿದಾಗ, ವಿಟಮಿನ್ ಡಿ ಅತಿ ಹೆಚ್ಚಿದ್ದ ಐದನೇ ಒಂದು ಭಾಗದವರಲ್ಲಿ ಕಾಯಿಲೆಯ ಸಾಧ್ಯತೆ ಅತಿ ಕಡಿಮೆ ಇದ್ದವರದ್ದಕ್ಕಿಂತ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಬಸಿರಿನ ಆರಂಭದಲ್ಲೇ ವಿಟಮಿನ್ ಡಿ ತೀರಾ ಕಡಿಮೆಯಿದ್ದ ತಾಯಂದಿರ ಮಕ್ಕಳಲ್ಲಿ ಅಪಾಯ ಸುಮಾರು ಇಮ್ಮಡಿಯಾಗಿತ್ತೆಂದು ಫಿನ್ಲೆಂಡಿನ ಅಧ್ಯಯನವೊಂದು 2016ರಲ್ಲಿ ವರದಿ ಮಾಡಿತು. ಸ್ವೀಡನ್‌ನಲ್ಲಿ ನವಜಾತರ ರಕ್ತವನ್ನು ಪರೀಕ್ಷಿಸಿದಾಗ ಮಾತ್ರ ಅಂಥ ಸಂಬಂಧ ಕಾಣಲಿಲ್ಲ. ನಮ್ಮ ಮೈಸೂರಿನ ಗರ್ಭಿಣಿಯರ ಅಧ್ಯಯನದಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿಗೆ ವಿಟಮಿನ್ ಡಿ ಕಡಿಮೆಯಿತ್ತು, ಆದರೂ ಎಂ.ಎಸ್. ನಮ್ಮಲ್ಲಿ ವಿರಳ. ಇದೊಂದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

‘ಇಮ್ಮಡಿ’ ಎಂದಾಕ್ಷಣ ಎದೆ ಧಸಕ್ಕೆನ್ನುವುದು ಸಹಜವಾದ್ದರಿಂದ ಲೆಕ್ಕವನ್ನು ಬಿಡಿಸಿಡುತ್ತೇನೆ. ಈ ಕಾಯಿಲೆ ಹೆಚ್ಚಿರುವ ದೇಶಗಳಲ್ಲೂ ಜೀವಮಾನದಲ್ಲಿ ಎಂ.ಎಸ್. ಬರುವುದು ಸಾವಿರಕ್ಕೆ ಸುಮಾರು ಇಬ್ಬರು ಮೂವರಿಗೆ. ಇಮ್ಮಡಿಯಾದರೆ ನಾಲ್ಕರಿಂದ ಆರು ಮಂದಿ. ಉಳಿದ ಒಂಬೈನೂರ ತೊಂಬತ್ತಕ್ಕೂ ಹೆಚ್ಚು ಮಕ್ಕಳಿಗೆ, ತಾಯಿಗೆ ಕೊರತೆ ಇದ್ದರೂ ಕಾಯಿಲೆ ಬರುವುದಿಲ್ಲ. ಅಪಾಯಾಂಶ ಎನ್ನುವುದು ಸಾವಿರಾರು ಜನರ ಗುಂಪಿನ ಬಗ್ಗೆ ಹೇಳುವ ಮಾತು. ಎದುರಿಗೆ ಕೂತ ಒಬ್ಬ ಮಗಳಿಗೆ ಕಾಯಿಲೆ ಏಕೆ ಬಂತೆಂದು ಅದರಿಂದ ಹೇಳಲಾಗದು. ಸಿಸೇರಿಯನ್ ಹೆರಿಗೆಯ ಬಗ್ಗೆಯೂ ಅನೇಕರು ಕೇಳುತ್ತಾರೆ. ಡೆನ್ಮಾರ್ಕ್‌ನ ದೊಡ್ಡ ಅಧ್ಯಯನದಲ್ಲಿ ಅದಕ್ಕೂ ಎಂ.ಎಸ್.ಗೂ ಖಚಿತವಾದ ನಂಟು ಸಿಗಲಿಲ್ಲ.

ಹುಟ್ಟಿದ ನಂತರದ ಸಂಗತಿಗಳಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ಸಿನ ಪಾತ್ರ ಎಲ್ಲಕ್ಕಿಂತ ಬಲವಾದದ್ದು. ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕ ಸಿಬ್ಬಂದಿಯ ಮಾಹಿತಿಯನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಸೋಂಕು ತಗುಲಿದ ಮೇಲೆ ಎಂ.ಎಸ್. ಅಪಾಯ 32 ಪಟ್ಟು ಏರಿತ್ತು. ಆದರೆ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ದೇಹದಲ್ಲಿ ಈ ವೈರಸ್ ಇದ್ದೇ ಇರುತ್ತದೆ, ಆದ್ದರಿಂದ ಸೋಂಕೊಂದೇ ಸಾಲದು. ನಮ್ಮಲ್ಲಿ ಬಹುತೇಕ ಮಕ್ಕಳಿಗೆ ಇದು ಎಳವೆಯಲ್ಲೇ, ಗೊತ್ತೂ ಆಗದಂತೆ ಬಂದು ಹೋಗುತ್ತದೆ; ಶ್ರೀಮಂತ ದೇಶಗಳಲ್ಲಿ ಹದಿಹರೆಯಕ್ಕೆ ಮುಂದೂಡಲ್ಪಟ್ಟಾಗ ಗಂಟಲುನೋವು, ಗ್ರಂಥಿಗಳ ಊತದ ಜ್ವರವಾಗಿ ಕಾಡುವುದುಂಟು, ಹಾಗೆ ಕಾಡಿಸಿಕೊಂಡವರಲ್ಲಿ ಅಪಾಯ ಹೆಚ್ಚು.

ಬಾಲ್ಯದ ಅತಿತೂಕ, ಮುಖ್ಯವಾಗಿ ಹುಡುಗಿಯರಲ್ಲಿ, ಅಪಾಯವನ್ನು ಒಂದೂವರೆಯಿಂದ ಎರಡು ಪಟ್ಟು ಏರಿಸುವುದು ಕೋಪನ್‌ಹೇಗನ್‌ನ ಶಾಲಾಮಕ್ಕಳ ಹಳೆಯ ದಾಖಲೆಗಳಿಂದ ತಿಳಿದಿದೆ. ಮನೆಯೊಳಗಿನ ಸಿಗರೇಟಿನ ಹೊಗೆಯೂ ಈ ಪಟ್ಟಿಗೆ ಸೇರುತ್ತದೆ. ಇವೆರಡನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇವು ನಮ್ಮ ಕೈಯಲ್ಲಿವೆ.

ಎಂ.ಎಸ್. ಇರುವ ಹೆಣ್ಣುಮಗಳು ತಾಯಿಯಾಗಲು ಹಿಂಜರಿಯಬೇಕಿಲ್ಲ. ಅವಳ ಮಗುವಿಗೆ ಈ ಕಾಯಿಲೆ ಬರುವ ಸಾಧ್ಯತೆ ನೂರಕ್ಕೆ ಸುಮಾರು ಎರಡು. ಔಷಧಿಗಳಲ್ಲಿ ಕೆಲವನ್ನು ಮೊದಲೇ ನಿಲ್ಲಿಸಬೇಕಾಗುವುದರಿಂದ ಬಸಿರಿಗೆ ಮುಂಚೆಯೇ ನರರೋಗ ತಜ್ಞರನ್ನು ಕಾಣಬೇಕು. ವಿಟಮಿನ್ ಡಿ ಪರೀಕ್ಷಿಸಿಕೊಂಡು, ಕೊರತೆಯಿದ್ದರೆ ವೈದ್ಯರು ಹೇಳಿದಷ್ಟೇ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು, ಏಕೆಂದರೆ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಕುತ್ತು. ತಿಂಗಳು ನೋಡಿ ಗರ್ಭ ಧರಿಸುವ ಯೋಚನೆ ಬೇಡ. ಯಾವ ಲಕ್ಷಣವೂ ಇಲ್ಲದ ಅಣ್ಣ, ತಂಗಿಯರಿಗೆ ಎಂ.ಆರ್.ಐ. ಮಾಡಿಸುವ ಅಗತ್ಯವೂ ಇಲ್ಲ. ಆದರೆ ಒಂದು ಕಣ್ಣು ನೋವಿನೊಂದಿಗೆ ಮಂಜಾಗಿ, ಅಥವಾ ಕೈಕಾಲಿನ ಜೋಮು ಒಂದು ದಿನ ಕಳೆದರೂ ಇಳಿಯದೆ ಉಳಿದರೆ, ತಡಮಾಡದೆ ತೋರಿಸಿ.