ಪಪಾಯ್ ಮೊದಲೇ ಪಾಲಕ್ ತಿನ್ನಬಾರದಾ?

ಪ್ರಶ್ನೆ: ಪಾಲಕ್ ತಿಂದರೆ ಬಲ ಬಂದು ಗೆಲ್ತೀನಿ ಅಂತ ಕಾರ್ಟೂನ್ ನಾವಿಕ ಪಪಾಯ್‌ಗೆ ಗೊತ್ತು. ಹಾಗಿದ್ದ ಮೇಲೆ ಎದುರಾಳಿ ಬ್ಲೂಟೊ ಕೈಲಿ ಅಷ್ಟೊಂದು ಏಟು ತಿನ್ನೋದ್ಯಾಕೆ? ಮೊದಲೇ ಪಾಲಕ್ ಡಬ್ಬಿ ಖಾಲಿ ಮಾಡಬಹುದಲ್ವಾ?

ಉತ್ತರ: ಪಪಾಯ್ ನೋಡಿದ ಮಕ್ಕಳೆಲ್ಲ ಒಮ್ಮೆಯಾದರೂ ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರ ಅವನ ಮೊದಲ ಕಾರ್ಟೂನಿನಲ್ಲೇ ಇದೆ. 1933ರ ಜುಲೈನಲ್ಲಿ ನ್ಯೂಯಾರ್ಕಿನ ಫ್ಲೈಷರ್ ಸ್ಟುಡಿಯೊ ತೆರೆಗೆ ತಂದ ಕಪ್ಪು-ಬಿಳುಪಿನ ಪುಟ್ಟ ಚಿತ್ರ, 'ಪಪಾಯ್ ದಿ ಸೇಲರ್'.

ಶುರುವಿನಲ್ಲೇ ಪಪಾಯ್ ಹಡಗಿನ ಮೇಲೆ ಹಾಡಿಕೊಂಡು ಬರುತ್ತಾನೆ. ಎದುರಿಗೆ ಸಿಕ್ಕ ಲಂಗರಿಗೆ ಒಂದು ಗುದ್ದು ಕೊಡುತ್ತಾನೆ. ಅಷ್ಟು ದೊಡ್ಡ ಕಬ್ಬಿಣ ಮೀನು ಹಿಡಿಯುವ ಗಾಳಗಳಾಗಿ ಉದುರುತ್ತದೆ. ಗಡಿಯಾರಕ್ಕೂ ಒಂದು ಗುದ್ದು. ಒಂದಿದ್ದದ್ದು ಹತ್ತಾರು ಪುಟಾಣಿ ಗಡಿಯಾರಗಳಾಗುತ್ತವೆ. ಇಷ್ಟು ಹೊತ್ತಿಗೆ ಅವನ ಬಾಯಿಗೆ ಒಂದೆಳೆ ಸೊಪ್ಪೂ ಹೋಗಿಲ್ಲ! ಪಾಲಕ್ ಇಲ್ಲದೆಯೂ ಅವನು ಗಟ್ಟಿ ಆಳೇ.

ಬ್ಲೂಟೊ ಕೂಡ ಅಷ್ಟೇ ಗಟ್ಟಿ, ಕಷ್ಟ ಇರೋದು ಅಲ್ಲಿ. ಆಲಿವ್ ಆಯಿಲ್ ಅನ್ನೋ ಹುಡುಗಿಯ ಮನಸ್ಸು ಗೆಲ್ಲಬೇಕು ಅಂತ ಇಬ್ಬರೂ ಜಾತ್ರೆಯಂಥ ಮೇಳದಲ್ಲಿ ಪೈಪೋಟಿಗೆ ಬೀಳುತ್ತಾರೆ. ಪಪಾಯ್ ವೇದಿಕೆ ಹತ್ತಿ ಬೆಟ್ಟಿ ಬೂಪ್ ಅನ್ನೋ ಇನ್ನೊಬ್ಬ ಕಾರ್ಟೂನ್ ಹುಡುಗಿಯ ಜೊತೆ ಕುಣಿಯುತ್ತಿರುವಾಗ ಬ್ಲೂಟೊ ಆಲಿವ್‌ಳನ್ನು ಹೊತ್ತೊಯ್ದು ರೈಲು ಹಳಿಗೆ ಕಟ್ಟಿಹಾಕುತ್ತಾನೆ. ಅಲ್ಲಿ ಹೊಡೆದಾಟ ಶುರು. ರೈಲು ಹತ್ತಿರ ಹತ್ತಿರ ಬರುತ್ತಿದೆ. ಡಬ್ಬಿ ಹೊರಗೆ ಬರೋದು ಆಗ.

ಒಂದೇ ಏಟಿಗೆ ಬ್ಲೂಟೊ ಹೋಗಿ ಮರಕ್ಕೆ ಬಡಿಯುತ್ತಾನೆ, ಆ ಮರವೇ ಅವನಿಗೆ ಶವಪೆಟ್ಟಿಗೆ ಆಗುತ್ತದೆ. ಆಮೇಲೆ ಕಟ್ಟು ಬಿಚ್ಚುತ್ತಾ ಕೂರಲು ಸಮಯವೆಲ್ಲಿ? ಪಪಾಯ್ ನೇರವಾಗಿ ರೈಲಿನ ಮುಖಕ್ಕೇ ಗುದ್ದುತ್ತಾನೆ. ಎಷ್ಟು ಸಲ ನೋಡಿದರೂ ನನಗೆ ಇಲ್ಲಿ ಮೈ ಜುಮ್ ಅನ್ನುತ್ತದೆ.

ಹುಡುಗಿಯ ಎದುರು ಮಿಂಚೋಕೆ ಅವನಿಗೆ ಪಾಲಕ್ ಬೇಕಿಲ್ಲ. ಆ ಪೈಪೋಟಿಯನ್ನು ಸ್ವಂತ ತೋಳಿನಲ್ಲೇ ಆಡುತ್ತಾನೆ. ಅವಳ ಪ್ರಾಣಕ್ಕೆ ಕುತ್ತು ಬಂದಾಗ ಮಾತ್ರ ಡಬ್ಬಿಗೆ ಕೈ ಹಾಕುತ್ತಾನೆ. ಮುಂದಿನ ಎಷ್ಟೋ ಕಾರ್ಟೂನುಗಳಲ್ಲಿ ಇದು ಬರೀ ಅಭ್ಯಾಸವಾಗಿಬಿಟ್ಟಿತು, ನಿಜ. ಹೊಡೆತ ಜಾಸ್ತಿಯಾದರೆ ಸಾಕು, ಡಬ್ಬಿ ಹಾಜರ್. ಮೊದಲ ಚಿತ್ರದ ಲೆಕ್ಕವೇ ನನಗೆ ಇಷ್ಟ.

ಇನ್ನೊಂದು ಮಾತು. ಪಪಾಯ್ ಹುಟ್ಟಿದ್ದು ಪತ್ರಿಕೆಯಲ್ಲಿ. 1929ರ ಜನವರಿಯಲ್ಲಿ ವ್ಯಂಗ್ಯಚಿತ್ರಕಾರ ಇ. ಸಿ. ಸೀಗರ್ ಅವರ ಕಾಮಿಕ್ ಚಿತ್ರಕಥೆಗೆ ಸುಮ್ನೆ ಒಬ್ಬ ನಾವಿಕನಾಗಿ ಬಂದ. ಆಲಿವ್ ಅಲ್ಲಿ 1919ರಿಂದಲೇ ಇದ್ದಳು, ಅವಳಿಗೆ ಹ್ಯಾಮ್ ಗ್ರೇವಿ ಅನ್ನೋ ಪ್ರಿಯಕರನೂ ಇದ್ದ. ನಮ್ಮ ಪಪಾಯ್ ಬಂದು ಅವನ ಜಾಗ ಹಿಡಿದ! ಆಗ ಅವನಿಗೆ ಬಲ ಬಂದದ್ದು ಸೊಪ್ಪಿನಿಂದ ಅಲ್ಲ, ಒಂದು ಮಾಯದ ಕೋಳಿಯ ತಲೆ ಸವರಿದ್ದರಿಂದ. ಪಾಲಕ್ ಆಮೇಲೆ ಬಂತು. ಕಬ್ಬಿಣದ ಅಂಶಕ್ಕಾಗಿ ತಿನ್ನುತ್ತಾನೆ ಅಂತ ಜನ ಹೇಳೋದುಂಟು. ಆದರೆ 1932ರ ಕಾಮಿಕ್ ಚಿತ್ರಕಥೆಯಲ್ಲಿ ಪಪಾಯ್ ಹೊಗಳಿದ್ದು ಅದರಲ್ಲಿರುವ ವಿಟಮಿನ್ ಎ ಅನ್ನು.

ಮುಂದಿನ ಸಲ ಪಪಾಯ್ ನೋಡುವಾಗ, ಅವನು ಡಬ್ಬಿ ತೆಗೆಯುವ ಗಳಿಗೆಯಲ್ಲಿ ಆಲಿವ್ ಎಲ್ಲಿದ್ದಾಳೆ ಅಂತ ಮಕ್ಕಳನ್ನು ಕೇಳಿ ನೋಡಿ.