ಒಂದು ತೂತಿನ ಲೆಕ್ಕ

ರ್ಯಾಕ್‌ಗೆ, ಅಂದರೆ ಯಂತ್ರಗಳನ್ನು ಒಂದರ ಮೇಲೊಂದು ಕೂರಿಸುವ ಲೋಹದ ಚೌಕಟ್ಟಿಗೆ, ರೂಟರ್ (ಇಂಟರ್ನೆಟ್ಟಿನ ಮಾಹಿತಿಗೆ ದಾರಿ ತೋರುವ ಪೆಟ್ಟಿಗೆ) ಕೂರಿಸುವಾಗ ಹೊಸಬರು ಮೊದಲು ಎಡವುವುದು ತೂತು ಎಣಿಸುವಲ್ಲಿ. ರ್ಯಾಕಿನ ಕಂಬವನ್ನು ಹತ್ತಿರದಿಂದ ನೋಡಿ, ತೂತುಗಳ ನಡುವಿನ ಅಂತರ ಸಮವಾಗಿರುವುದಿಲ್ಲ. 15.875 ಮಿ.ಮೀ., ಮತ್ತೆ 15.875, ಆಮೇಲೆ 12.7. ಮೇಲಿಂದ ಕೆಳಗಿನವರೆಗೂ ಇದೇ ವರಸೆ. ಮೂರನ್ನೂ ಕೂಡಿದರೆ 44.45 ಮಿ.ಮೀ., ಅಂದರೆ ಒಂದೂಮುಕ್ಕಾಲು ಇಂಚು. ರ್ಯಾಕಿನ ಎತ್ತರದ ಈ ಒಂದು ಘಟಕವನ್ನೇ 1 ಯು (ಯುನಿಟ್) ಅನ್ನುವುದು. ಒಂದು ಯು ಮುಗಿದು ಇನ್ನೊಂದು ಶುರುವಾಗುವ ಗಡಿ ಆ ಕಿರಿದಾದ ಅಂತರದ ನಟ್ಟನಡುವೆ ಇರುತ್ತದೆ.

ಇದು ಗೊತ್ತಿಲ್ಲದ ಕಾಲದಲ್ಲಿ ನಾನೂ ಒಂದು ರೂಟರನ್ನು ಎರಡೂ ಬದಿಗೆ ಒಂದೊಂದು ತೂತು ಮೇಲೆ ಕೂರಿಸಿ, ಸ್ಕ್ರೂ ಬಿಗಿದು, ಕೈ ಒರೆಸಿಕೊಂಡಿದ್ದೆ. ನೆಟ್ಟಗೇ ಕಾಣುತ್ತಿತ್ತು. ಮೇಲಿನ ಜಾಗಕ್ಕೆ ಇನ್ನೊಂದು ಪೆಟ್ಟಿಗೆ ತಂದಾಗಲೇ ಗೊತ್ತಾಗಿದ್ದು, ಒಂದು ಯು ಪೂರ್ತಿ ದಂಡವಾಗಿತ್ತು. ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ.

ಈ ಅಳತೆಗಳು ಕಂಪ್ಯೂಟರ್‌ಗಿಂತ ಹಳೆಯವು. ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಜೋಡಿಸಲು ಮಾಡಿಕೊಂಡಿದ್ದ 19 ಇಂಚು ಅಗಲದ ಚೌಕಟ್ಟೇ ಇವತ್ತಿನ ರ್ಯಾಕ್. ಆಗಿನ ತಾಮ್ರದ ಸುರುಳಿಗಳ ಜಾಗದಲ್ಲಿ ಈಗ ಇಂಟರ್ನೆಟ್ಟಿನ ಕವಲುದಾರಿಗಳು ಕೂತಿವೆ.

ರೂಟರ್ ಎತ್ತುವ ಮುಂಚೆ ಕಳಚಿ ಹಾಕಬಹುದಾದ ಪವರ್ ಸಪ್ಲೈ, ಸರ್ಕ್ಯೂಟ್ ಕಾರ್ಡುಗಳನ್ನೆಲ್ಲ ತೆಗೆದರೆ ಭಾರ ಇಳಿಯುತ್ತದೆ. ಪವರ್ ಸಪ್ಲೈನ ಹಿಡಿ ಹಿಡಿದು ಎತ್ತಲೇಬಾರದು. ಆ ಹಿಡಿ ಇರುವುದು ಅದನ್ನು ಹೊರಗೆಳೆಯಲು, ಇಡೀ ಪೆಟ್ಟಿಗೆ ಹೊರಲು ಅಲ್ಲ. ಭಾರದವು ಕೆಳಗಿದ್ದರೆ ರ್ಯಾಕ್ ಮುಂದಕ್ಕೆ ವಾಲುವ ಭಯ ಕಡಿಮೆ.

ಇನ್ನು ಗಾಳಿ. ಸಾಮಾನ್ಯವಾಗಿ ಇಂಥ ಪೆಟ್ಟಿಗೆ ಮುಂದಿನಿಂದ ತಂಪು ಗಾಳಿ ಎಳೆದು ಹಿಂದಕ್ಕೆ ಬಿಸಿಗಾಳಿ ಬಿಡುತ್ತದೆ. ಆದರೆ ಉಲ್ಟಾ ಊದುವ ಮಾದರಿಗಳೂ ಇವೆ. ನೋಡದೆ ಕೂರಿಸಿದರೆ ಅಕ್ಕಪಕ್ಕದ ಯಂತ್ರಗಳು ಉಗುಳಿದ ಬಿಸಿಯನ್ನೇ ಇದು ಉಸಿರಾಡುತ್ತಿರುತ್ತದೆ. ಖಾಲಿ ಉಳಿದ ಜಾಗಗಳಿಗೆ ತಗಡಿನ ಮುಚ್ಚಳ ಹಾಕುವುದು ಚಂದಕ್ಕಲ್ಲ, ಹಿಂದಿನ ಬಿಸಿಗಾಳಿ ಆ ಸಂದಿಯಿಂದ ಮುಂದಕ್ಕೆ ನುಸುಳದಿರಲಿ ಎಂದು.

ತಂತಿಗಳಲ್ಲಿ ಮೊದಲು ಅರ್ಥಿಂಗ್. ಹಾಕುವಾಗ ಮೊದಲು, ಬಿಚ್ಚುವಾಗ ಕೊನೆಗೆ. ಬಣ್ಣ ಬಳಿದ ತಗಡಿನ ಮೇಲೆ ಲಗ್ (ತಂತಿಯ ತುದಿಗೆ ಹಾಕುವ ಲೋಹದ ಬಿಲ್ಲೆ) ಕೂರಿಸಿ ಬಿಗಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಬಣ್ಣ ವಿದ್ಯುತ್ತನ್ನು ಬಿಡುವುದಿಲ್ಲ, ಲೋಹ ಹೊಳೆಯುವವರೆಗೆ ಕೆರೆಯಬೇಕು.

ಮೈಮೇಲಿನ ಸ್ಥಾಯೀ ವಿದ್ಯುತ್ತನ್ನು ನೆಲಕ್ಕೆ ಹರಿಸಲು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಆಂಟಿಸ್ಟ್ಯಾಟಿಕ್ ಪಟ್ಟಿಯನ್ನು ಕಂಡು ಕೆಲವರು ನಗೆಯಾಡುತ್ತಾರೆ. ಬೆರಳ ತುದಿಯಲ್ಲಿ ಚುರ್ ಎಂದು ನಮಗೆ ಗೊತ್ತಾಗಬೇಕಾದರೆ ಮೈಮೇಲೆ ಸುಮಾರು 3,000 ವೋಲ್ಟ್ ಸ್ಥಾಯೀ ವಿದ್ಯುತ್ ಸೇರಿರಬೇಕು. ಕೆಲವು ಚಿಪ್‌ಗಳು ಕೆಡಲು 100 ವೋಲ್ಟೂ ಬೇಡ. ಅಂದರೆ ನಮಗೆ ಏನೂ ಅನಿಸದೆಯೇ ಕಾರ್ಡ್ ಸತ್ತಿರಬಹುದು, ಅಥವಾ ಅರೆಜೀವವಾಗಿ ಕೆಲವು ತಿಂಗಳ ಮೇಲೆ ಕೈಕೊಡಬಹುದು. ಆ ಪಟ್ಟಿಯ ತಂತಿಯೊಳಗೆ 10 ಲಕ್ಷ ಓಮ್‌ನ ಒಂದು ರೆಸಿಸ್ಟರ್ ಇರುತ್ತದೆ. ಅಕಸ್ಮಾತ್ 230 ವೋಲ್ಟ್ ತಂತಿಗೆ ಕೈ ತಗುಲಿದರೂ ಪಟ್ಟಿಯ ದಾರಿಯಲ್ಲಿ ಹರಿಯುವುದು 0.23 ಮಿಲಿಆಂಪಿಯರ್ ಮಾತ್ರ. ಚಿಪ್ಪನ್ನು ನಮ್ಮಿಂದ, ನಮ್ಮನ್ನು ಕರೆಂಟಿನಿಂದ ಒಟ್ಟಿಗೇ ಕಾಯುವ ಜಾಣ ಏರ್ಪಾಡು.

ಪವರ್ ಸಪ್ಲೈ ಎರಡಿದ್ದರೆ ಎರಡು ಬೇರೆ ಬೇರೆ ಲೈನಿನಿಂದ ಕರೆಂಟ್ ಕೊಡಬೇಕು. ಎರಡರ ವೈರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿದರೆ ಎರಡು ಇಟ್ಟದ್ದಕ್ಕೆ ಅರ್ಥವೇನು?

ಗಾಜಿನ ಎಳೆಯಲ್ಲಿ ಬೆಳಕು ಒಯ್ಯುವ ಫೈಬರ್ ಕೇಬಲ್ಲಿಗೆ ಬಂದರೆ ಅಳತೆಯ ಲೋಕವೇ ಬದಲಾಗುತ್ತದೆ. ಸಿಂಗಲ್ ಮೋಡ್ (ಬೆಳಕಿಗೆ ಒಂದೇ ದಾರಿ ಇರುವ) ಎಳೆಯಲ್ಲಿ ಬೆಳಕು ಹರಿಯುವ ತಿರುಳಿನ ಅಡ್ಡಳತೆ ಸುಮಾರು 9 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಪಟ್ಟು ಸಣ್ಣದು. ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಸಾಕು, ಬಾಗಿಲೇ ಮುಚ್ಚಿದಂತೆ. ಹಾಗಾಗಿ ಹೊಸ ಕೇಬಲ್ ಆದರೂ ತುದಿ ಒರೆಸಿಯೇ ಚುಚ್ಚುವುದು. ಬಾಯಿಂದ ಊದಿದರೆ ಉಗುಳಿನ ತೇವ ಅಂಟಿ ಇನ್ನಷ್ಟು ಕೆಡುತ್ತದೆ. ತುದಿಯಲ್ಲಿ ಬೆಳಕು ಬರುತ್ತಿದೆಯೇ ಎಂದು ಕಣ್ಣಿಟ್ಟು ನೋಡುವುದಂತೂ ಬೇಡವೇ ಬೇಡ: 1,310 ನ್ಯಾನೊಮೀಟರ್‌ನ ಆ ಕಿರಣ ನಮಗೆ ಕಾಣುವುದಿಲ್ಲ, ಕಾಣದಿದ್ದರೂ ಕಣ್ಣಿಗೆ ಹಾನಿ ಮಾಡಬಲ್ಲದು. ಕೇಬಲ್ಲನ್ನು ಚೂಪಾಗಿ ಬಗ್ಗಿಸಿದರೆ ಆ ತಿರುವಿನಲ್ಲೇ ಬೆಳಕು ಹೊರಗೆ ಸೋರುತ್ತದೆ. ಲಿಂಕ್ ದೀಪ ಹತ್ತದಿದ್ದರೆ ಮೊದಲು ಜೋಡಿ ಎಳೆಗಳನ್ನು ಅದಲುಬದಲು ಮಾಡಿ ನೋಡಿ. ಈ ಕಡೆ ಕಳಿಸುವ ಬಾಯಿ ಆ ಕಡೆಯ ಕೇಳುವ ಕಿವಿಗೆ ಸೇರಿರಬೇಕು.

ಕೊನೆಗೆ ಕನ್ಸೋಲ್ ಪೋರ್ಟಿಗೆ (ರೂಟರಿನೊಂದಿಗೆ ನೇರವಾಗಿ ಮಾತಾಡುವ ಕಿಂಡಿಗೆ) ಲ್ಯಾಪ್‌ಟಾಪ್. ಎಷ್ಟೋ ರೂಟರ್‌ಗಳಲ್ಲಿ ಇದರ ವೇಗ ಇಂದಿಗೂ ಸೆಕೆಂಡಿಗೆ 9,600 ಬಿಟ್. ವೇಗ ಹೊಂದದಿದ್ದರೆ ಪರದೆ ತುಂಬ ಗೀಚುಗೀಚು ಅಕ್ಷರ. ಸ್ವಿಚ್ ಒತ್ತಿದೊಡನೆ ಫ್ಯಾನ್‌ಗಳು ಅಬ್ಬರಿಸಿ, ನಿಧಾನಕ್ಕೆ ದನಿ ತಗ್ಗಿಸುತ್ತವೆ, ಸಾಲುಗಳು ಒಂದೊಂದೇ ಮೇಲೇರತೊಡಗುತ್ತವೆ. ಬೂಟ್ ಮುಗಿದ ಮೇಲೆ, ಯಾರೂ ಇನ್ನೂ ಇದರ ಮೇಲೆ ಅವಲಂಬಿಸಿರದ ಈ ಹೊತ್ತಿನಲ್ಲೇ, ನಾನು ಒಂದು ಪವರ್ ವೈರನ್ನು ಬೇಕೆಂದೇ ಕಿತ್ತು ಪರದೆ ನೋಡುತ್ತ ನಿಲ್ಲುತ್ತೇನೆ. ಒಂದು ಎಚ್ಚರಿಕೆಯ ಸಾಲು ಮೂಡಬೇಕು, ರೂಟರ್ ಮಾತ್ರ ನಿಲ್ಲಬಾರದು. ಆಮೇಲೆ ಅದನ್ನು ಚುಚ್ಚಿ, ಇನ್ನೊಂದನ್ನು ಕೀಳುತ್ತೇನೆ.