ಬಡವರನ್ನು ಪರೀಕ್ಷೆ ಮಾಡುವ ಹಳೇ ಚಾಳಿ

ಬಡವರಿಗೆ ಅಕ್ಕಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ಮಾತು ಆಗಾಗ ಕೇಳುತ್ತೇವೆ, ಅಲ್ವಾ? ಇಂಗ್ಲೆಂಡಿನಲ್ಲಿ ಇದೇ ವಾದದ ಮೇಲೆ ಒಂದು ಕಾನೂನೇ ಬಂದಿತ್ತು.

1601ರಿಂದ ಅಲ್ಲಿ ಬಡವರನ್ನು ನೋಡಿಕೊಳ್ಳುವುದು ಆಯಾ ಊರಿನ ಹೊಣೆಯಾಗಿತ್ತು. 1795ರಲ್ಲಿ ಬ್ರೆಡ್ ತುಂಬಾ ತುಟ್ಟಿಯಾಯಿತು. ಬರ್ಕ್‌ಶೈರ್‌ನ ಸ್ಪೀನ್‌ಹ್ಯಾಮ್‌ಲ್ಯಾಂಡ್‌ನಲ್ಲಿ ಸೇರಿದ ಮ್ಯಾಜಿಸ್ಟ್ರೇಟರು, ಕೂಲಿ ಸಾಲದವರಿಗೆ ಬ್ರೆಡ್ಡಿನ ಬೆಲೆ ನೋಡಿಕೊಂಡು ಕಡಿಮೆ ಬಿದ್ದದ್ದನ್ನು ಊರಿನ ತೆರಿಗೆಯಿಂದ ತುಂಬಿಕೊಡೋಣ ಎಂದರು. ಮೂರೇ ವರ್ಷಕ್ಕೆ ಇಂಗ್ಲಿಷ್ ಅರ್ಥಶಾಸ್ತ್ರ ಚಿಂತಕ ಮಾಲ್ಥಸ್ ಬರೆದ: ಆಹಾರಕ್ಕಿಂತ ಜನಸಂಖ್ಯೆ ಬೇಗ ಬೆಳೆಯುತ್ತದೆ, ನೆರವು ಕೊಟ್ಟಷ್ಟೂ ಬಡವರು ಜಾಸ್ತಿಯಾಗುತ್ತಾರೆ. ತೆರಿಗೆ ಕಟ್ಟುವವರಿಗೆ ಈ ಮಾತು ಹಿಡಿಸದೆ ಇರುತ್ತದೆಯೇ?

1834ರಲ್ಲಿ ಹೊಸ ಕಾನೂನು ಬಂತು. ಅದರ ಹಿಂದಿನ ಲೆಕ್ಕ ಸರಳ: ಹೊರಗೆ ದುಡಿಯುವ ಕಡುಬಡವನಿಗಿಂತ ನೆರವು ಪಡೆಯುವವನ ಬದುಕು ಇನ್ನೂ ಕೆಟ್ಟದಾಗಿರಬೇಕು, ಆಗ ನಿಜಕ್ಕೂ ಗತಿಯಿಲ್ಲದವರು ಮಾತ್ರ ಬರುತ್ತಾರೆ. ಅದಕ್ಕೇ ವರ್ಕ್‌ಹೌಸ್, ಅಂದರೆ ನೆರವು ಬೇಕಾದವರು ಒಳಗೇ ಇದ್ದು ದುಡಿಯಬೇಕಾದ ಮನೆ. ಒಳಗೆ ಕಾಲಿಟ್ಟರೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಕಲ್ಲು ಒಡೆಯಬೇಕು, ಹಳೇ ಹಗ್ಗ ಬಿಚ್ಚಿ ನಾರು ತೆಗೆಯಬೇಕು. ಗೊಬ್ಬರಕ್ಕಾಗಿ ಮೂಳೆ ಪುಡಿ ಮಾಡಲು ಕೂತವರು ಹಸಿವು ತಾಳದೆ ಅದೇ ಮೂಳೆಗೆ ಅಂಟಿದ್ದ ಕೊಳೆತ ಮಾಂಸ ತಿನ್ನುತ್ತಿದ್ದ ಸುದ್ದಿ 1845ರಲ್ಲಿ ಆಂಡೋವರ್ ಎಂಬ ಊರಿನ ವರ್ಕ್‌ಹೌಸಿನಿಂದ ಹೊರಬಿದ್ದಾಗ ದೇಶವೇ ಗದ್ದಲ ಎಬ್ಬಿಸಿತು, ಆದರೂ ಕಾನೂನು ಹೋಗಲಿಲ್ಲ. ಬಡತನ ಹುಟ್ಟುವುದೇ ಕಾರ್ಖಾನೆಯಲ್ಲಿ ಎಂದು ಅದೇ ವರ್ಷ ಜರ್ಮನ್ ಚಿಂತಕ ಎಂಗೆಲ್ಸ್ ಕಾರ್ಖಾನೆಗಳ ಊರಾದ ಮ್ಯಾಂಚೆಸ್ಟರ್ ನೋಡಿ ಬರೆದ ಪುಸ್ತಕ ಬಂತು. ಅದು ಬಂದದ್ದು ಜರ್ಮನ್ ಭಾಷೆಯಲ್ಲಿ.

ಇದೇ ಯೋಚನೆ ಹಡಗು ಹತ್ತಿ ನಮ್ಮ ಕಡೆಗೂ ಬಂತು. 1876-78ರ ಬರದಲ್ಲಿ, ಆಗ ಬಳ್ಳಾರಿಯೂ ಸೇರಿದ್ದ ಮದ್ರಾಸ್ ಪ್ರಾಂತ್ಯದ ಬರ ಕಾಮಗಾರಿಗಳಲ್ಲಿ, ಜನ ಸುಮ್ನೆ ಬಂದು ಸೇರಬಾರದೆಂದು ದಿನದ ಕೂಲಿಯನ್ನು ಒಂದು ಪೌಂಡ್ ಧಾನ್ಯ, ಮೇಲೊಂದಿಷ್ಟು ಚಿಲ್ಲರೆಗೆ ಇಳಿಸಿದರು. ಒಂದು ಪೌಂಡ್ ಅಂದರೆ ಅರ್ಧ ಕೆಜಿಯೂ ಇಲ್ಲ. ದಿನವಿಡೀ ಮಣ್ಣು ಹೊರುವವರಿಗೆ!

ಕೊನೆಗೆ ಲೆಕ್ಕ ಹಾಕುವವರು ಬಂದರು. 1880ರ ದಶಕದಲ್ಲಿ ಚಾರ್ಲ್ಸ್ ಬೂತ್ ಲಂಡನ್ನಿನ ಬೀದಿ ಬೀದಿ ಸಮೀಕ್ಷೆ ಶುರು ಮಾಡಿದ. ಸುಮಾರು 30% ಜನ ಬಡವರು ಎಂದು ಗೊತ್ತಾಯಿತು. ಕುಡಿತ, ದುಂದಿಗಿಂತ ಸಿಗದ ಕೆಲಸ, ಸಾಲದ ಕೂಲಿಯೇ ದೊಡ್ಡ ಕಾರಣ ಎಂದೂ ಕಂಡಿತು. ಯಾರ್ಕ್‌ನಲ್ಲಿ ರೌನ್‌ಟ್ರೀ ಇನ್ನೂ ಮುಂದೆ ಹೋಗಿ, ಒಂದು ಸಂಸಾರ ಬದುಕಲು ವಾರಕ್ಕೆ ಕನಿಷ್ಠ ಎಷ್ಟು ಬೇಕೆಂದು ಲೆಕ್ಕ ಹಾಕಿ 1901ರಲ್ಲಿ ಪ್ರಕಟಿಸಿದ.

1908ರಲ್ಲಿ 70 ದಾಟಿದ ಬಡವರಿಗೆ ಪಿಂಚಣಿ ಬಂತು, ವಾರಕ್ಕೆ ಹೆಚ್ಚೆಂದರೆ 5 ಶಿಲ್ಲಿಂಗ್. ಕೈಲಾಗುತ್ತಿದ್ದರೂ ದುಡಿಯದೆ ಕಾಲ ಕಳೆದವರಿಗೆ ಇಲ್ಲ ಎಂಬ ಷರತ್ತನ್ನು ಅದರಲ್ಲೂ ಸೇರಿಸಿದ್ದರು.